ಹಿಂದಿನಿಂದ ಬಂದ ಜಿಂಕೆ

ಎಲ್ಲದಕ್ಕೂ ಮೂಲ ಒಂದು ನೊಣ.

ಮೇ ತಿಂಗಳು ಮುಗಿಯುವ ಹೊತ್ತಿಗೆ ಅಮೆರಿಕದ ವರ್ಮಂಟ್ ರಾಜ್ಯದ ಬೆಟ್ಟದ ಊರುಗಳಲ್ಲಿ ಏಳುವ ಈ ಕರೀ ನೊಣ ಸಾಸಿವೆ ಕಾಳಿಗಿಂತ ದೊಡ್ಡದೇನಲ್ಲ. ಆದರೆ ಮನುಷ್ಯನ ಕಿವಿ ಅಂದರೆ ಅದಕ್ಕೆ ತವರುಮನೆ ಇದ್ದಂತೆ. ಆ ಶನಿವಾರ ಬೆಳಿಗ್ಗೆ ಸೌತ್ ಟಿಲ್ಡೆನ್ ಊರಿನ ರೈತ ಸಂಘದ ಹಾಲ್ ಮುಂದೆ ಆರ್ಲೋ ಪ್ಯಾಚ್ ತನ್ನ ಪಿಕಪ್ ಗಾಡಿಯನ್ನು ರಿವರ್ಸಿಗೆ ಹಾಕಿದ. ಅದೇ ಹೊತ್ತಿಗೆ ನೊಣ ಅವನ ಎಡಗಿವಿಯೊಳಕ್ಕೆ ನುಗ್ಗಿತು. ಅವನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡು ಇನ್ನೊಂದು ಕೈಯಿಂದ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ. ಹಿಂದೆ ಏನೋ ಧಡ್ ಎಂದಿತು.

ಕನ್ನಡಿಯಲ್ಲಿ ನೋಡಿದರೆ, ಕರೀ ನಿಲುವಂಗಿ ತೊಟ್ಟ ದಪ್ಪ ಹೆಂಗಸೊಬ್ಬಳು ನಿಧಾನವಾಗಿ, ಗಾಂಭೀರ್ಯ ಕೆಡದ ಹಾಗೆ, ನೆಲಕ್ಕೆ ಒರಗುತ್ತಿದ್ದಳು.

ಆರ್ಲೋ ಗಾಡಿ ನಿಲ್ಲಿಸಿದ. ಇಳಿದು ಓಡಿದ. ಹೆಂಗಸಲ್ಲ, ವಿನ್ಸ್ಲೋ ನುಡಿಸುವ ಬಾಸ್. ಪಿಟೀಲಿನ ವಂಶದಲ್ಲೇ ಅತಿ ದೊಡ್ಡ ದೇಹದ್ದು, ಆಳಿಗಿಂತ ಎತ್ತರದ ವಾದ್ಯ, ಕರೀ ಬಟ್ಟೆಯ ಚೀಲದೊಳಗೆ ಮಲಗಿತ್ತು. ಅಬ್ಬ, ಮನುಷ್ಯರಲ್ಲವಲ್ಲ ಎಂದು ಅವನು ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವುದರೊಳಗೆ ಇನ್ನೊಂದು ಯೋಚನೆ ಬಂತು. ವಿನ್ಸ್ಲೋನದು. ಬಾಗಿಲಲ್ಲಿ ಬಗ್ಗಿ ಬರುವ, ಹುಟ್ಟಿದ ಕರುವನ್ನು ಕಂಕುಳಲ್ಲಿಟ್ಟುಕೊಂಡು ಕೊಟ್ಟಿಗೆಯೆಲ್ಲ ಓಡಾಡುವ ವಿನ್ಸ್ಲೋನದು. ಆರ್ಲೋ ಚೀಲವನ್ನು ಹೊರಗಿನಿಂದ ಒತ್ತಿ ನೋಡಿದ. ಒಳಗೆ ಸೌದೆ ಹೊರೆಯ ಸದ್ದು.

ಹಾಲ್ ಹಿಂದಿನ ಹಿತ್ತಲಲ್ಲಿ ವಿನ್ಸ್ಲೋ ಶಿಳ್ಳೆ ಹಾಕುತ್ತಿದ್ದ. ಚಳಿಗಾಲ ಕಳೆದ ಮೇಲೆ ಮುಂಬಾಗಿಲು ಉಬ್ಬಿಕೊಂಡು ತೆರೆಯುವುದಿಲ್ಲ. ಅವನು ಬಾಸನ್ನು ಜಗಲಿಗೆ ಒರಗಿಸಿಟ್ಟು ಹಿಂದಿನ ಕಿಟಕಿಯಿಂದ ಒಳಗೆ ಹೋಗಲು ಹೆಣಗುತ್ತಿದ್ದನೆಂದು ಕಾಣುತ್ತದೆ. ಆರ್ಲೋ ಬಂದಿದ್ದು ಸಂಜೆಯ ಕುಣಿತಕ್ಕೆ ಬೇಕಾದ ಕಾಫಿ ಹಂಡೆಯನ್ನು ಇಳಿಸುವುದಕ್ಕೆ. ಇಳಿಸಿಯಾಗಿತ್ತು. ಯಾರೂ ನೋಡಿರಲಿಲ್ಲ.

ಇಲ್ಲಿ ಆರ್ಲೋನ ಪರವಾಗಿ ಒಂದು ಮಾತು ಹೇಳಬೇಕು. ಅವನು ಸುಳ್ಳುಗಾರನಲ್ಲ. ಆದರೆ ಅವನು ಊರಿನ ಸ್ಕೂಲ್ ಬಸ್ಸಿನ ಡ್ರೈವರ್. ಹಿಮ, ಕೆಸರು, ಮಂಜುಗಡ್ಡೆ ಏನೇ ಇರಲಿ, ಬಸ್ಸಿಗೆ ಒಂದು ಗೀರು ಬಿದ್ದಿಲ್ಲ ಎಂದು ವರ್ಷ ವರ್ಷ ಊರಸಭೆಯಲ್ಲಿ ಚಪ್ಪಾಳೆ ತಟ್ಟಿಸಿಕೊಳ್ಳುವವನು. ಬಾಸಿನಂಥ ಬಾಸೇ ಹಿಂದೆ ನಿಂತದ್ದು ಕಾಣದವನಿಗೆ ಹಿಂದೆ ನಿಂತ ಮಗು ಕಾಣುತ್ತದೆಯೇ ಎಂದು ಒಬ್ಬರು ಕೇಳಿದರೆ ಸಾಕು, ಬಸ್ಸಿನ ಕೀಲಿ ಕೈಬಿಟ್ಟಂತೆಯೇ. ಹಾಗಾಗಿ ಅವನು ಬಾಸನ್ನು ಎತ್ತಿ ಮೊದಲಿದ್ದ ಹಾಗೇ ಜಗಲಿಗೆ ಒರಗಿಸಿದ. ಅದರ ಕತ್ತು ತೂಕಡಿಸುವವನ ಕತ್ತಿನ ಹಾಗೆ ಪಕ್ಕಕ್ಕೆ ಬಿತ್ತು. ಆರ್ಲೋ ಅದನ್ನು ಕಂಬದ ಸಂದಿಗೆ ಸಿಕ್ಕಿಸಿ, ಗಾಡಿ ಹತ್ತಿ ಹೊರಟೇಹೋದ.

ಮನೆಯ ಮುಂದೆ ಗಾಡಿ ನಿಲ್ಲಿಸುವಷ್ಟರಲ್ಲಿ ಎದುರುಮನೆಯ ಥಿರ್ಜಾ ತಂತಿಯ ಮೇಲೆ ಬಟ್ಟೆ ಹರವುವುದನ್ನು ಬಿಟ್ಟು ರಸ್ತೆ ದಾಟಿ ಬಂದಳು. ಊರಿನಲ್ಲಿ ಯಾರ ಮನೆಯ ಚಿಮಣಿಯಿಂದ ಹೊಗೆ ಬಂತು, ಯಾರ ಮನೆಯದರಿಂದ ಬರಲಿಲ್ಲ ಎಂಬುದು ಥಿರ್ಜಾಗೆ ಗೊತ್ತಿಲ್ಲದೆ ಇರುವುದಿಲ್ಲ.

"ಏನಪ್ಪಾ ಆರ್ಲೋ, ಹಿಂದಿನ ದೀಪ ಒಡೆದಿದೆಯಲ್ಲ," ಅಂದಳು.

ಆರ್ಲೋ ಆಗ ನೋಡಿದ. ಕೆಂಪು ದೀಪದ ಗಾಜು ಅರ್ಧಕ್ಕರ್ಧ ಇರಲಿಲ್ಲ.

"ಜಿಂಕೆ," ಅಂದ. ಬಾಯಿಗೆ ಬಂದದ್ದು ಅದೇ.

"ಹಿಂದಿನಿಂದಾನಾ?"

"ಹಿಂದಿನಿಂದ."

"ಅಂದ್ರೆ, ನೀನು ಹೋಗ್ತಾ ಇದ್ದೆ, ಜಿಂಕೆ ನಿನ್ನ ಅಟ್ಟಿಸಿಕೊಂಡು ಬಂತು."

"ನಿಂತಿದ್ದೆ. ಅದೇ ಬಂದು ಗುದ್ದಿತು."

"ಪಾಪ, ಏನು ಅವಸರವಿತ್ತೋ ಅದಕ್ಕೆ," ಅಂದಳು ಥಿರ್ಜಾ. ಒಡೆದ ದೀಪವನ್ನು ಒಮ್ಮೆ, ಆರ್ಲೋನ ಮುಖವನ್ನು ಒಮ್ಮೆ ನೋಡಿ, ಒದ್ದೆ ಬಟ್ಟೆಯನ್ನು ಅಲ್ಲೇ ಬುಟ್ಟಿಯಲ್ಲಿ ಬಿಟ್ಟು ಮನೆಯೊಳಗೆ ಹೋದಳು. ಫೋನಿಗೆ ಹೋದಳೆಂದು ಅವಳ ನಡಿಗೆಯೇ ಹೇಳುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಆರ್ಲೋನ ಹೆಂಡತಿ ಲೋರ್ನಾ ಬೀನ್ಸ್ ಬೇಯಿಸಿದ್ದಳು. ಬೀನ್ಸ್ ಕಂಡರೆ ತಟ್ಟೆ ನೆಕ್ಕುವ ಗಂಡ ಚಮಚ ಆಡಿಸುತ್ತ ಕೂತಿದ್ದ. ಫೋನ್ ಬಂತು. ಲೋರ್ನಾ ಅಡುಗೆಮನೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತು ತುಂಬ ಹೊತ್ತು ಕೇಳಿಸಿಕೊಂಡಳು. ಅವಳು ಆಡಿದ್ದು "ಹೂಂ" ಮತ್ತು "ಇಲ್ಲ, ಅವನಿಗೆ ಹೇಳಲ್ಲ" ಎಂಬ ಎರಡು ಮಾತು ಮಾತ್ರ.

"ವಿನ್ಸ್ಲೋನ ಬಾಸ್ ಮುರಿದುಹೋಗಿದೆಯಂತೆ," ಅಂದಳು, ಬಂದು ಕೂತು.

"ಹೌದಾ. ಯಾರು ಮುರಿದರಂತೆ?"

"ಇವತ್ತು ಬಾಸ್ ಇಲ್ಲದೇ ಕುಣಿಯಬೇಕಂತೆ," ಅಂದಳು ಲೋರ್ನಾ. ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆಮೇಲೆ, "ಜಿಂಕೆ ಗುದ್ದಿತಂತೆ ನಿನಗೆ, ಥಿರ್ಜಾ ಹೇಳಿದಳು," ಅಂದು ಅವನ ತಟ್ಟೆಗೆ ಇನ್ನೊಂದು ಸೌಟು ಬೀನ್ಸ್ ಹಾಕಿದಳು. ಕೇಳದೇ ಬಡಿಸುವ ಹೆಂಗಸಲ್ಲ ಅವಳು. ಗಲ್ಲಿಗೇರುವವನಿಗೆ ಬೆಳಿಗ್ಗೆ ಒಳ್ಳೇ ಊಟ ಕೊಡುತ್ತಾರೆ ಎಂದು ಎಲ್ಲೋ ಕೇಳಿದ್ದು ಆರ್ಲೋಗೆ ನೆನಪಾಯಿತು.

ತಲೆನೋವು ಎಂದು ಮನೆಯಲ್ಲೇ ಉಳಿಯೋಣ ಅಂದುಕೊಂಡ. ಆದರೆ ಶನಿವಾರದ ಕುಣಿತ ತಪ್ಪಿಸಿದವನಲ್ಲ. ತಪ್ಪಿಸಿದರೆ ಅದೇ ಸಾಕ್ಷಿ. ಸಂಜೆ ಇನ್ನೂ ಬಿಸಿಲಿರುವಾಗಲೇ ಲೋರ್ನಾ ರೂಬಾರ್ಬ್ ಎಂಬ ಹುಳಿ ದಂಟು ತುಂಬಿ ಬೇಯಿಸಿದ ಪೈ ಇಟ್ಟುಕೊಂಡು ಇಬ್ಬರೂ ಹೊರಟರು. ಹಾಲ್ ಅಂಗಳದಲ್ಲಿ ಆರ್ಲೋ ಗಾಡಿಯ ಹಿಂಭಾಗವನ್ನು ಲೈಲಾಕ್ ಪೊದೆಯೊಳಕ್ಕೆ ತೂರಿಸಿ ನಿಲ್ಲಿಸಿದ. ಈ ಸಲ ಹಿಂದೆ ನೋಡಿಕೊಂಡೇ ತೂರಿಸಿದ.

ಒಳಗೆ ಹೋದಾಗ ಮಾತು ನಿಂತಿತು. ನಿಜಕ್ಕೂ ನಿಂತಿತೋ, ಅವನಿಗೆ ಹಾಗೆ ಅನ್ನಿಸಿತೋ ಗೊತ್ತಿಲ್ಲ. ವೇದಿಕೆಯ ಮೇಲೆ ಪಿಟೀಲು, ಪಿಯಾನೊ, ಕೊಳಲು ಇದ್ದವು. ಬಾಸ್ ನಿಲ್ಲುವ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿಯಿತ್ತು. ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಮಿಸ್ ಟಟಲ್ ಕೂತಿದ್ದರು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದ ನಿವೃತ್ತ ಟೀಚರು. ಕೂದಲು ಪೂರ್ತಿ ಬೆಳ್ಳಗಾದ ಮೇಲೂ ಒಂದು ಕುಣಿತ ಬಿಡದ ಮಿಸ್, ಇವತ್ತು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದರು. ಆರ್ಲೋನನ್ನು ಕಂಡು ಕನ್ನಡಕದ ಮೇಲಿನಿಂದ ನೋಡಿದರು. ಮೂರನೇ ಕ್ಲಾಸಿನಲ್ಲಿ ಸೀಮೆಸುಣ್ಣ ಕದ್ದಾಗ ನೋಡಿದ್ದೂ ಹೀಗೇ. ಆರ್ಲೋ ತಲೆ ತಗ್ಗಿಸಿ ಸಾಲಿಗೆ ಹೋಗಿ ನಿಂತ.

ನಿಂತ ಮೇಲೆ ತಿಳಿಯಿತು ಎಂಥ ಬೋನಿಗೆ ಬಿದ್ದೆನೆಂದು. ಕಾಂಟ್ರಾ ಕುಣಿತದಲ್ಲಿ ಮೂಲೆ ಹಿಡಿದು ಬಚ್ಚಿಟ್ಟುಕೊಳ್ಳುವಂತಿಲ್ಲ. ಎರಡು ಉದ್ದ ಸಾಲು, ಎದುರುಬದುರು. ಒಂದು ಜೋಡಿ ಎದುರಿಗಿರುವ ಜೋಡಿಯೊಂದಿಗೆ ಕೈ ಹಿಡಿದು, ಸುತ್ತಿ, ತಿರುಗಿ, ಮುಂದಿನ ಜೋಡಿಯತ್ತ ಸರಿಯಬೇಕು. ಹಾಡು ಮುಗಿಯುವಷ್ಟರಲ್ಲಿ ಸಾಲಿನಲ್ಲಿರುವ ಪ್ರತಿಯೊಬ್ಬರ ಕೈಯನ್ನೂ ಹಿಡಿದಾಗಿರುತ್ತದೆ. ಸಾಲದ್ದಕ್ಕೆ, ಇಬ್ಬರು ಸುತ್ತುವಾಗ ತಲೆ ತಿರುಗದಿರಬೇಕಾದರೆ ಒಬ್ಬರ ಕಣ್ಣನ್ನು ಒಬ್ಬರು ನೆಟ್ಟ ನೋಟದಿಂದ ನೋಡುತ್ತಿರಬೇಕು. ಹೊಸಬರು ಬಂದಾಗಲೆಲ್ಲ ಅದನ್ನು ಹೇಳಿಕೊಡುತ್ತಿದ್ದವನು ಆರ್ಲೋನೇ.

ಅವನು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ. ದೂರದ ಆ ತುದಿಯಲ್ಲಿ, ಎಲ್ಲರ ತಲೆಗಳ ಮೇಲೆ ಒಂದು ತಲೆ. ವಿನ್ಸ್ಲೋ. ನುಡಿಸಲು ಬಾಸ್ ಇಲ್ಲ, ಹೆಂಗಸರೂ ಇವತ್ತು ಕಡಿಮೆ. ಹಾಗಾಗಿ ಅವನು ಅಂಚೆ ಕಚೇರಿಯ ಕುಳ್ಳ ಗುಮಾಸ್ತನಿಗೆ ಜೋಡಿಯಾಗಿ ಹೆಂಗಸರ ಕಡೆ ನಿಂತಿದ್ದ. ಎಂದರೆ ಆರ್ಲೋ ಕೆಳಗಿಳಿಯುತ್ತಾನೆ, ವಿನ್ಸ್ಲೋ ಮೇಲೇರುತ್ತಾನೆ, ಎಲ್ಲೋ ನಡುವೆ ಇಬ್ಬರೂ ಸೊಂಟಕ್ಕೆ ಕೈ ಹಾಕಿ ಕಣ್ಣಲ್ಲಿ ಕಣ್ಣಿಟ್ಟು ಸುತ್ತಬೇಕು.

"ಸಾಲು ಸರಿಮಾಡಿಕೊಳ್ಳಿ," ಎಂದಳು ಮೈಕಿನಲ್ಲಿ ಪ್ರುಡೆನ್ಸ್. ಕುಣಿತದ ಹೆಜ್ಜೆ ಕೂಗಿ ಹೇಳುವವಳು ಅವಳು. "ನಿಮ್ಮ ಪಕ್ಕದವರನ್ನು ಚೆನ್ನಾಗಿ ನೋಡಿಕೊಳ್ಳಿ. ಯಾರೂ ತಪ್ಪಿಸಿಕೊಳ್ಳಬೇಡಿ."

ಪ್ರತಿ ಶನಿವಾರ ಹೇಳುವ ಮಾತೇ. ಇವತ್ತು ಮಾತ್ರ ಆರ್ಲೋ ಬಾಗಿಲು ಎಷ್ಟು ದೂರವಿದೆಯೆಂದು ನೋಡಿಕೊಂಡ.

ಪಿಟೀಲು ಶುರುವಾಯಿತು. ಮೊದಲು ಸಿಕ್ಕವಳೇ ಥಿರ್ಜಾ. ಸುತ್ತುತ್ತ ಅವನ ಕಣ್ಣಿಗೆ ಕಣ್ಣು ನೆಟ್ಟು ಕೇಳಿದಳು, "ಕೊಂಬಿತ್ತಾ?"

"ಯಾರಿಗೆ?"

"ಜಿಂಕೆಗೆ ಕಣೋ."

"ಇತ್ತು. ದೊಡ್ಡವು."

"ಈ ತಿಂಗಳಲ್ಲಿ ಜಿಂಕೆಗೆ ದೊಡ್ಡ ಕೊಂಬು ಎಲ್ಲಿಂದ ಬರಬೇಕು. ಈಗಿನ್ನೂ ಚಿಗುರ್ತಾ ಇರುತ್ತೆ. ಹೆಣ್ಣು ಜಿಂಕೆ ಅನ್ನು."

"ಹೆಣ್ಣೇ ಇರಬೇಕು," ಅಂದ ಆರ್ಲೋ, ಅವಳ ಕಿವಿಯೋಲೆ ನೋಡುತ್ತ. ಕಣ್ಣು ತಪ್ಪಿಸಿದ್ದೇ ತಡ, ಹಾಲೆಲ್ಲ ಗಿರಗಿರನೆ ತಿರುಗಿತು. ಮುಂದಿನ ಜೋಡಿಯತ್ತ ಹೋಗುವ ಬದಲು ಗೋಡೆಯತ್ತ ಹೋದ. ಲೋರ್ನಾ ತೋಳು ಹಿಡಿದು ಎಳೆದುಕೊಂಡಳು.

"ಕಣ್ಣು ನೋಡಿ ತಿರುಗು," ಅಂದಳು.

"ಯಾಕೆ?"

"ಯಾಕೆ ಅಂದ್ರೆ? ಬೀಳ್ತೀಯ."

ಬೀಳ್ತೀಯ ಎಂಬ ಮಾತಿನಲ್ಲೂ ಅವನಿಗೆ ಎರಡರ್ಥ ಕಂಡಿತು.

ಜಿಂಕೆ ಹೆಣ್ಣಾದ ಸುದ್ದಿ ಭುಜಕ್ಕೆ ಭುಜ ತಾಗಿಸಿ ನಿಂತ ಸಾಲಿನಲ್ಲಿ ಆರ್ಲೋಗಿಂತ ಬೇಗ ಇಳಿಯುತ್ತಿತ್ತು. ಬ್ರೆಡ್ ಅಂಗಡಿಯವಳು ಅವನ ಕೈ ಹಿಡಿಯುವ ಮುಂಚೆಯೇ, "ಬಸುರಿ ಜಿಂಕೆ ಇರಬೇಕು. ಅವಕ್ಕೆ ಈಗ ತಲೆ ನೆಟ್ಟಗಿರಲ್ಲ," ಅಂದಳು. ಸೇಬು ತೋಟದವಳು, "ಮರಿ ಜೊತೇಲಿ ಇತ್ತಂತಲ್ಲ. ಮರಿ ಇದ್ರೆ ಏನು ಬೇಕಾದ್ರೂ ಗುದ್ದುತ್ತೆ," ಅಂದಳು. ಎಲ್ಲರೂ ಮುಗುಳ್ನಗುತ್ತಿದ್ದರು. ಎಲ್ಲರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಸೇಬು ತೋಟದವಳಂತೂ ಹೋಗುವಾಗ ಅವನ ಕೈಯನ್ನು ಒಂದು ಸಲ ಒತ್ತಿದಳು. ಆರ್ಲೋ ಅವರ ಕಿವಿ ನೋಡಿದ, ಗಲ್ಲ ನೋಡಿದ, ಮೇಲಿನ ದೀಪ ನೋಡಿದ. ಪ್ರತಿ ಸಲವೂ ತಲೆ ತಿರುಗಿ ಎಡಕ್ಕೆ ಹೋಗಬೇಕಾದವನು ಬಲಕ್ಕೆ ಹೋಗಿ, ಯಾರದೋ ಗಂಡನನ್ನು ತಬ್ಬಿ, ಯಾರದೋ ಕಾಲು ತುಳಿದ.

ಬೆಕ್ಕು ಇಲಿಯನ್ನು ಕೊಲ್ಲುವ ಮೊದಲು ಆಟವಾಡಿಸುತ್ತದಲ್ಲ, ಹಾಗೆ ಆಟವಾಡಿಸುತ್ತಿದ್ದಾರೆ ಅಂದುಕೊಂಡ. ಇವರಿಗೆಲ್ಲ ಗೊತ್ತು.

ಅಷ್ಟರಲ್ಲಿ ಕಾಡಿನ ಕಾವಲಧಿಕಾರಿ ಹಾಲಿಸ್ ಎದುರಾದ. ಜಿಂಕೆ, ಕರಡಿಗಳ ಲೆಕ್ಕ ಸರ್ಕಾರಕ್ಕೆ ಕೊಡುವವನು ಅವನೇ. "ಗಂಡಸರಿಬ್ಬರೂ ಎಡಗೈ ಹಿಡಿದು ಸುತ್ತಿ," ಎಂದಳು ಪ್ರುಡೆನ್ಸ್. ಹಾಲಿಸ್‌ನ ಹಿಡಿತ ಬೇಡಿಯ ಹಾಗಿತ್ತು.

"ಗಾಡಿಗೆ ಜಿಂಕೆ ಗುದ್ದಿದರೆ ನನಗೆ ತಿಳಿಸಬೇಕು, ಗೊತ್ತಲ್ಲ," ಅಂದ.

"ಸತ್ತಿಲ್ಲ. ಓಡಿಹೋಯ್ತು."

"ಯಾವ ಜಾಗ?"

"ಹಳೇ... ಹಳೇ ಗಿರಣಿ ಹತ್ತಿರ."

"ಸರಿ. ಗಿರಣಿ ಹತ್ತಿರ. ಬೆಳಿಗ್ಗೆ. ಹೆಣ್ಣು ಜಿಂಕೆ. ನಾನೂ ಹಾಗೇ ಹೇಳ್ತೀನಿ," ಅಂದ ಹಾಲಿಸ್. ಒಂದೊಂದು ಮಾತಿಗೂ ಒಂದೊಂದು ಸಲ ಅವನ ಕೈ ಅದುಮಿದ. "ಯಾರು ಕೇಳಿದರೂ ಮಾತು ಬದಲಾಯಿಸಬೇಡ, ಆರ್ಲೋ. ಬದಲಾಯಿಸಿದರೆ ನಿನಗೂ ಕಷ್ಟ, ನಮಗೂ ಕಷ್ಟ."

ಇದು ಬೆದರಿಕೆ ಎಂಬುದರಲ್ಲಿ ಆರ್ಲೋಗೆ ಸಂಶಯ ಉಳಿಯಲಿಲ್ಲ. ಗಿರಣಿಯ ಹತ್ತಿರ ನಾಳೆ ಹೋಗಿ ನೋಡುತ್ತಾನೆ. ಗೊರಸಿನ ಗುರುತಿಲ್ಲ, ರೋಮವಿಲ್ಲ, ಗಾಜಿನ ಚೂರಿಲ್ಲ. ಗಾಜಿನ ಚೂರು. ಅದು ಎಲ್ಲಿದೆ? ಹಾಲ್ ಅಂಗಳದಲ್ಲಿ, ಜಗಲಿಯ ಬುಡದಲ್ಲಿ, ಎಲ್ಲರ ಕಣ್ಣೆದುರು. ಇಷ್ಟು ಹೊತ್ತು ಅದು ತಲೆಗೆ ಬಂದಿರಲಿಲ್ಲ. ಬರುವಾಗ ನೋಡಿದ್ದನೇ? ಅಲ್ಲಿ ಗಾಜಿರಲಿಲ್ಲ. ಯಾರೋ ಎತ್ತಿಟ್ಟುಕೊಂಡಿದ್ದಾರೆ.

ತಲೆ ಎತ್ತಿದರೆ ಎದುರಿಗೆ ವಿನ್ಸ್ಲೋನ ಅಂಗಿಯ ಗುಂಡಿ.

ವಿನ್ಸ್ಲೋ ಅವನ ಬೆನ್ನಿಗೆ ಕೈ ಹಾಕಿದ. ಸುತ್ತು ಶುರುವಾದದ್ದೇ ಆರ್ಲೋನ ಕಾಲುಗಳು ನೆಲ ಬಿಟ್ಟವು. ಜಾತ್ರೆಯ ಗಿರಗಟ್ಟಲೆಯ ಕುದುರೆಯ ಹಾಗೆ ಅವನು ಗಾಳಿಯಲ್ಲಿ ತೇಲುತ್ತಿದ್ದ. ಈ ಸಲ ಕಣ್ಣು ತಪ್ಪಿಸಲು ಜಾಗವಿರಲಿಲ್ಲ.

"ನಂಗೆ ಗೊತ್ತು ಆರ್ಲೋ," ಅಂದ ವಿನ್ಸ್ಲೋ ಮೆಲ್ಲಗೆ.

"ಏನು?"

"ನೀನೇ ಅಂತ. ಕೆಂಪು ಗಾಜು ನನ್ನ ಜೇಬಲ್ಲಿದೆ. ಈಗ ನೀನು ಮಾಡಬೇಕಾದ್ದು ಒಂದೇ ಒಂದು..."

"ಮುಂದಿನವರತ್ತ," ಎಂದು ಕೂಗಿದಳು ಪ್ರುಡೆನ್ಸ್.

ಸೌತ್ ಟಿಲ್ಡೆನ್ನಿನ ಜನ ಸೂರು ಬಿದ್ದರೂ ತಾಳ ತಪ್ಪುವವರಲ್ಲ. ವಿನ್ಸ್ಲೋ ಆರ್ಲೋನನ್ನು ನೆಲಕ್ಕಿಳಿಸಿ, ಮಾತನ್ನು ಅರ್ಧಕ್ಕೇ ಬಿಟ್ಟು, ಮುಂದಿನವನ ಕೈ ಹಿಡಿದುಕೊಂಡು ಹೋದ. ಆರ್ಲೋ ಈ ಕಡೆ, ಅವನು ಆ ಕಡೆ. ಇನ್ನು ಇಬ್ಬರೂ ಸಾಲಿನ ತುದಿ ಮುಟ್ಟಿ ತಿರುಗಿ ಬಂದಾಗಲೇ ಮುಂದಿನ ಮಾತು. ಒಂದೇ ಒಂದು ಏನು? ಬಾಸ್ ತಂದುಕೊಡುವುದೇ? ಬಸ್ಸಿನ ಕೆಲಸ ಬಿಡುವುದೇ? ಆರ್ಲೋ ಕತ್ತು ಹೊರಳಿಸಿ ನೋಡಿದ. ದೂರದಿಂದ ವಿನ್ಸ್ಲೋ ಅವನನ್ನೇ ನೋಡುತ್ತ ಎರಡು ಬೆರಳನ್ನು ಮುಖದ ಕೆಳಗೆ ಎಲ್ಲೋ ಅಡ್ಡಲಾಗಿ ಎಳೆದ. ಆರ್ಲೋಗೆ ಅದು ಕತ್ತಿನ ಮೇಲೆ ಎಳೆದ ಹಾಗೆ ಕಂಡಿತು.

ಅಷ್ಟಕ್ಕೆ ಮುಗಿಯಿತು. ಸಂಶಯದಲ್ಲಿ ಇನ್ನೊಂದು ಸುತ್ತು ಸುತ್ತುವುದಕ್ಕಿಂತ ಶಿಕ್ಷೆಯೇ ವಾಸಿ ಅನ್ನಿಸಿತು. ಅವನು ಸಾಲು ಬಿಟ್ಟ. ಅವನ ಕೈಗಾಗಿ ಚಾಚಿದ ಕೈಗಳು ಗಾಳಿ ಹಿಡಿದವು. ಹಿಂದಿನ ಜೋಡಿ ಮುಂದಿನ ಜೋಡಿಗೆ ಡಿಕ್ಕಿ ಹೊಡೆಯಿತು. ಲೋರ್ನಾ "ಆರ್ಲೋ, ಬೇಡ" ಅಂದದ್ದು ಕೇಳಿಸಲಿಲ್ಲ. ವೇದಿಕೆ ಹತ್ತಿ ಪ್ರುಡೆನ್ಸಳ ಕೈಯಿಂದ ಮೈಕ್ ತೆಗೆದುಕೊಂಡ. ಪಿಟೀಲು ಕುಯ್ಯೆಂದು ನಿಂತಿತು.

"ಜಿಂಕೆ ಇರಲಿಲ್ಲ," ಅಂದ.

"ಇತ್ತು," ಅಂದ ಹಾಲಿಸ್ ಕೆಳಗಿನಿಂದ.

"ಇರಲಿಲ್ಲ. ಬೆಳಿಗ್ಗೆ ಇಲ್ಲೇ, ಜಗಲಿ ಮುಂದೆ, ವಿನ್ಸ್ಲೋನ ಬಾಸ್ ಮೇಲೆ ರಿವರ್ಸ್ ಹೋದವನು ನಾನು. ಎತ್ತಿ ಮೊದಲಿನ ಹಾಗೆ ನಿಲ್ಲಿಸಿ ಓಡಿಹೋದೆ. ನಿಮಗೆಲ್ಲ ಗೊತ್ತು ಅಂತ ನಂಗೆ ಗೊತ್ತು. ಏನು ಮಾಡ್ತೀರೋ ಮಾಡಿ. ಬಸ್ಸಿನ ಕೀಲಿ ಬೇಕಾದ್ರೂ ತಗೊಳ್ಳಿ. ಹಾಗೆ ನೋಡೋದನ್ನ ಮಾತ್ರ ನಿಲ್ಲಿಸಿ."

ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಕೆಳಗೆ ಯಾರೂ ಬಯ್ಯಲಿಲ್ಲ. ಯಾರೂ ಸಮಾಧಾನವನ್ನೂ ಹೇಳಲಿಲ್ಲ. ಎಲ್ಲರ ಮುಖವೂ ಪೂರ್ತಿ ಬಾಡಿತು. ಥಿರ್ಜಾ ಬೆಂಚಿನ ಮೇಲೆ ಕುಸಿದಳು. ಲೋರ್ನಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಅಷ್ಟು ದೊಡ್ಡ ಆಳು ವಿನ್ಸ್ಲೋ ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟ.

ವೇದಿಕೆಯ ಪಕ್ಕದಿಂದ ಕುರ್ಚಿ ಸರಿದ ಸದ್ದಾಯಿತು. ಮಿಸ್ ಟಟಲ್ ಎದ್ದು ನಿಂತಿದ್ದರು.

"ಏನಂದೆ, ಆರ್ಲೋ? ಬಾಯಿ ಬಿಟ್ಟು ಹೇಳು."

ಆರ್ಲೋ ಕೈ ಕಟ್ಟಿಕೊಂಡು ಇನ್ನೊಮ್ಮೆ ಹೇಳಿದ.

"ಮೊದಲೇ ಮುರಿದಿತ್ತು ಅಂತೀಯ? ನಾನು ಬರೋ ಮುಂಚೆ?"

"ನೀವು ಯಾವಾಗ ಬಂದಿರಿ, ಮಿಸ್?"

"ಬೆಳಿಗ್ಗೆ, ಪೈ ಕೊಡೋದಕ್ಕೆ ಬಂದೆ. ಕಾರು ನಿಲ್ಲಿಸುವಾಗ ಜಗಲಿಗೆ ಒಂಚೂರು ತಾಗಿತು. ತಾಗಿದ್ದೇ ತಡ, ಅದು ಧೊಪ್ಪನೆ ಬಿತ್ತು. ವಿನ್ಸ್ಲೋ ಹೊರಗೆ ಬಂದು ಚೀಲ ಬಿಚ್ಚಿದರೆ ಒಳಗೆಲ್ಲ ಚೂರು. ನಾನೇ ಮುರಿದೆ ಅಂದುಕೊಂಡೆ. ಎಷ್ಟು ಅತ್ತೆ ಗೊತ್ತಾ. ಇನ್ನು ನನ್ನ ಕೈಲಿ ಕಾರು ಓಡಿಸೋದಾಗಲ್ಲ, ವಯಸ್ಸಾಯ್ತು ಅಂತ ಅಲ್ಲೇ ಕೀಲಿ ತೆಗೆದು ವಿನ್ಸ್ಲೋ ಕೈಲಿ ಕೊಟ್ಟುಬಿಟ್ಟೆ." ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. ಹಾಕಿಕೊಂಡಾಗ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು. "ಹಾಗಾದ್ರೆ ನಾನಲ್ಲ."

"ನೀವಲ್ಲ, ಮಿಸ್," ಅಂದ ಆರ್ಲೋ. ಒಳ್ಳೇ ಕೆಲಸ ಮಾಡಿದೆನಲ್ಲ ಎಂದು ಅವನು ಎದೆ ಸೆಟೆದು ನಿಂತ.

ವಿನ್ಸ್ಲೋ ವೇದಿಕೆಯ ಪಕ್ಕ ಬಂದು ಅವನ ಕಾಲರ್ ಹಿಡಿದು ಕೆಳಗೆ ಬಗ್ಗಿಸಿದ. ಕಿವಿಯಲ್ಲಿ ಹೇಳಿದ, "ಅಯ್ಯೋ ಮಾರಾಯ. ಬಾಸಿಗೆ ಅಂಟು ಹಾಕಿಸಿದರೆ ಆಯ್ತು. ನನ್ನ ಬೇಲಿ ಮೂರು ಸಲ ಯಾರು ಕೆಡವಿದ್ದು? ಗ್ರಂಥಾಲಯದ ಮೆಟ್ಟಿಲು ಯಾರು ಕಿತ್ತದ್ದು? ಊರ ನಡುವಿನ ಫಿರಂಗಿ ಈಗ ಚರ್ಚಿನ ಕಡೆ ಯಾಕೆ ಮುಖ ಮಾಡಿದೆ? ಮಿಸ್‌ಗೆ ಕಾರು ಓಡಿಸೋದು ನಿಲ್ಲಿಸಿ ಅಂತ ಹೇಳೋ ಧೈರ್ಯ ಈ ಊರಲ್ಲಿ ಒಬ್ಬನಿಗಾದರೂ ಇದೆಯಾ? ಇವತ್ತು ಅವರಾಗೇ ಕೀಲಿ ಕೊಟ್ಟರು. ನಾನು ಗಾಜು ನೋಡಿದೆ, ನೀನೇ ಅಂತ ತಿಳೀತು, ಗುಡಿಸಿ ಜೇಬಿಗೆ ಹಾಕಿಕೊಂಡೆ. ಥಿರ್ಜಾ ಫೋನ್ ಮಾಡಿ ಜಿಂಕೆ ಅಂದಳು. ದೇವರು ಕಳಿಸಿದ ಜಿಂಕೆ ಅಂದುಕೊಂಡ್ವಿ."

"ನಂಗೆ ಯಾಕೆ ಹೇಳಲಿಲ್ಲ?"

"ನಿಂಗೆ ಹೇಳಿದ್ರೆ ನೀನು ಸುಮ್ಮನಿರ್ತಿದ್ದೆಯಾ? ಮಿಸ್ ಅಳ್ತಿದ್ದಾರೆ ಅಂತ ಗೊತ್ತಾದ್ರೆ ಓಡಿಹೋಗಿ ಒಪ್ಪಿಕೊಳ್ತಿದ್ದೆ. ಜಿಂಕೆ ಬಿಡಬೇಡ ಬಿಡಬೇಡ ಅಂತ ಊರೆಲ್ಲ ಕಣ್ಣಲ್ಲಿ ಹೇಳ್ತಾ ಇದ್ರೆ ನೀನು ದೀಪ ನೋಡ್ತೀಯ. ನಾನು ಬಾಯಿ ಮುಚ್ಚಿಕೋ ಅಂತ ಸನ್ನೆ ಬೇರೆ ಮಾಡಿದೆ."

"ಬಾಯಾ ಅದು?"

"ಮತ್ತೇನು?"

"ವಿನ್ಸ್ಲೋ," ಅಂದರು ಮಿಸ್ ಟಟಲ್, ಅಂಗೈ ಚಾಚಿ.

ವಿನ್ಸ್ಲೋ ಹಾಲಿಸ್‌ನತ್ತ ನೋಡಿದ. ಹಾಲಿಸ್ ಪ್ರುಡೆನ್ಸಳತ್ತ ನೋಡಿದ. ಪ್ರುಡೆನ್ಸ್ ಪಿಯಾನೊ ನೋಡಿದಳು. ವಿನ್ಸ್ಲೋ ಜೇಬಿಗೆ ಕೈ ಹಾಕಿ, ಕೆಂಪು ಗಾಜಿನ ಚೂರುಗಳ ನಡುವಿನಿಂದ ಕಾರಿನ ಕೀಲಿ ಹೆಕ್ಕಿ ಆ ಅಂಗೈಯಲ್ಲಿಟ್ಟ.

ಮಿಸ್ ಆರ್ಲೋನ ಕಡೆ ತಿರುಗಿದರು. "ನಿಜ ಹೇಳಿದೆ, ಸಂತೋಷ. ಆದರೆ ಮಕ್ಕಳ ಬಸ್ ಓಡಿಸುವವನು ಹಿಂದೆ ನೋಡದೆ ರಿವರ್ಸ್ ಹಾಕ್ತೀಯ ಅಂದ್ರೆ ಏನರ್ಥ?"

ಸಾಲಿನಲ್ಲಿ ಗುಸುಗುಸು ಎದ್ದಿತು. ಹೌದಲ್ಲ, ಮಕ್ಕಳ ಬಸ್ಸು. ಈವರೆಗೆ ಆ ದಿಕ್ಕಿನಲ್ಲಿ ಯೋಚಿಸದಿದ್ದವರೂ ಈಗ ಯೋಚಿಸತೊಡಗಿದರು. ಆರ್ಲೋ ಮೈಕನ್ನು ಮೆಲ್ಲಗೆ ಪ್ರುಡೆನ್ಸಳಿಗೆ ಹಿಂದಿರುಗಿಸಿದ.

"ತಪ್ಪು ನಿನ್ನದಲ್ಲ. ನಿನಗೆ ಯಾರೋ ಸರಿಯಾಗಿ ಕಲಿಸಿಲ್ಲ," ಅಂದರು ಮಿಸ್. "ನಾನು ಕಲಿಸ್ತೀನಿ. ಪ್ರತಿ ಶನಿವಾರ ಕುಣಿತಕ್ಕೆ ನನ್ನ ಕಾರಲ್ಲೇ ಬಾ. ಹೋಗ್ತಾ ಬರ್ತಾ ಪಾಠ. ಕಲಿತಾದ ಮೇಲೆ ಇವನು ಬಸ್ ಓಡಿಸಬಹುದು ಅಂತ ನಾನೇ ಊರಿಗೆ ಹೇಳ್ತೀನಿ. ಅಲ್ಲೀವರೆಗೆ ಬಸ್ಸಿಗೆ ಇನ್ಯಾರನ್ನಾದರೂ ನೋಡಿ."

ಆರ್ಲೋ ಲೋರ್ನಾಳನ್ನು ಹುಡುಕಿದ. ಲೋರ್ನಾ ಪೈ ಕತ್ತರಿಸುತ್ತಿದ್ದಳು.

"ಒಪ್ಪಿಗೆ ಇದ್ದವರು ಕೈ ಎತ್ತಿ," ಅಂದ ವಿನ್ಸ್ಲೋ, ಊರಸಭೆಯ ದನಿಯಲ್ಲಿ. ಹಾಲ್ ಒಳಗಿದ್ದ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಪಿಟೀಲಿನವನು ಬಿಲ್ಲನ್ನೇ ಎತ್ತಿದ.

"ನಾಳೆ ಅಂತ ತಳ್ಳೋದು ಬೇಡ. ಬಾ, ಈಗಲೇ ಮನೆಗೆ ಬಿಡ್ತೀನಿ. ದೀಪ ಇಲ್ಲದ ಗಾಡಿ ನೀನು ಓಡಿಸೋ ಹಾಗಿಲ್ಲ," ಅಂದರು ಮಿಸ್.

ಹೊರಗೆ ಇನ್ನೂ ಬೆಳಕಿತ್ತು. ಊರಿನ ಜನ ಜಗಲಿಯ ಮೇಲೆ ಗೋಡೆಗೆ ಒತ್ತಿ ನಿಂತರು. ಮಕ್ಕಳನ್ನು ಒಳಗೆ ಕಳಿಸಿದರು. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದ ಕಾರಿನಲ್ಲಿ ಆರ್ಲೋ ಮಿಸ್ ಪಕ್ಕದಲ್ಲಿ ಕೂತು, ಬೆಲ್ಟ್ ಬಿಗಿದುಕೊಂಡು, ಎರಡು ಕೈಯಲ್ಲೂ ಸೀಟು ಹಿಡಿದ.

"ಮೊದಲನೇ ಪಾಠ," ಅಂದರು ಮಿಸ್. "ಗಾಡಿ ತೆಗೆಯುವ ಮುಂಚೆ ಪೂರ್ತಿ ತಿರುಗಿ ಹಿಂದೆ ನೋಡಬೇಕು. ಕನ್ನಡಿಯನ್ನ ನಂಬಬಾರದು."

ಅವರು ಪೂರ್ತಿ ತಿರುಗಿದರು. ಒಂದು ಕೈಯನ್ನು ಸೀಟಿನ ಹಿಂದೆ ಇಟ್ಟು, ಕತ್ತು ಚಾಚಿ, ಅಂಗಳದ ಆ ಮೂಲೆಯಿಂದ ಈ ಮೂಲೆಯವರೆಗೆ ನಿಧಾನವಾಗಿ, ಶ್ರದ್ಧೆಯಿಂದ ಹಿಂದೆ ನೋಡಿದರು. ಹಾಗೆ ನೋಡುತ್ತಲೇ ಕಾಲೊತ್ತಿದರು. ಕಾರು ಮುಂದಕ್ಕೆ ಹೋಯಿತು. ಎದುರಿಗೆ ಲೈಲಾಕ್ ಪೊದೆಯಿಂದ ಮೂತಿ ಚಾಚಿ ನಿಂತಿದ್ದದ್ದು ಆರ್ಲೋನ ಪಿಕಪ್.

ಗಾಜು ಉದುರುವ ಸದ್ದು ನಿಂತ ಮೇಲೆ ಮಿಸ್ ಟಟಲ್ ಇನ್ನೂ ಹಿಂದೆ ನೋಡುತ್ತಲೇ ಹೇಳಿದರು, "ನೋಡಿದೆಯಾ ಆರ್ಲೋ, ಹಿಂದೆ ಇದ್ದವರಿಗೆ ಯಾರಿಗೂ ಏನೂ ಆಗಲಿಲ್ಲ."